ಮರುಪಾವತಿಯಾದ ವೈದ್ಯಕೀಯ ವೆಚ್ಚ ಮತ್ತು ವರಮಾನ ತೆರಿಗೆ

ಕಲಬುರಗಿಯ ಶಹಾಬಜಾರದಲ್ಲಿ ವಾಸವಾಗಿರುವ, ಖಾಸಗಿ ಕಾಲೇಜೊಂದರ ಅಧ್ಯಾಪಕರನ್ನು ಕಲ್ಪಿಸಿಕೊಳ್ಳೋಣ. ಅವರ ಪತ್ನಿಗೆ ಶಸ್ತ್ರಚಿಕಿತ್ಸೆಯಾಗಿ 60,000 ರೂಪಾಯಿ ವೆಚ್ಚವಾಯಿತು. ಕಾಲೇಜಿನ ಆಡಳಿತ ಮಂಡಳಿಯು ರಸೀದಿಗಳನ್ನು ಪಡೆದು ಅಷ್ಟನ್ನೂ ಮರಳಿಸಿತು. ಅಧ್ಯಾಪಕರಿಗೆ ಇದರಿಂದ ಒಂದು ಕಾಸಿನ ಲಾಭವೂ ಆಗಿಲ್ಲ. ಹಾಗಿದ್ದರೂ ಈ ಹಣ ಅವರ ವರಮಾನವೆಂದು ಪರಿಗಣಿತವಾಗಬಹುದೆ? ಆಗಬಹುದು. ಅದು ನಿರ್ಧಾರವಾಗುವುದು ಬಹುಮಟ್ಟಿಗೆ ರೋಗದಿಂದಲ್ಲ, ಚಿಕಿತ್ಸೆ ನಡೆದ ಆಸ್ಪತ್ರೆಯಿಂದ.

ಮೊದಲು ಒಂದು ಭ್ರಮೆಯನ್ನು ನಿವಾರಿಸಬೇಕು. ಅಮೆರಿಕದ ಹಲವು ರಾಜ್ಯಗಳಲ್ಲಿರುವಂತೆ ನಮ್ಮಲ್ಲಿ ಸಂಬಳದ ಮೇಲೆ ರಾಜ್ಯದ ವರಮಾನ ತೆರಿಗೆಯೆಂಬುದಿಲ್ಲ. ಸಂವಿಧಾನದ ಏಳನೆಯ ಅನುಸೂಚಿಯು ಕೃಷಿ ವರಮಾನದ ತೆರಿಗೆಯನ್ನು ರಾಜ್ಯಗಳಿಗೂ ಮಿಕ್ಕ ವರಮಾನದ ತೆರಿಗೆಯನ್ನು ಕೇಂದ್ರಕ್ಕೂ ಒಪ್ಪಿಸಿದೆ. ನೌಕರನಿಂದ ರಾಜ್ಯವು ಪಡೆಯುವುದು ವೃತ್ತಿ ತೆರಿಗೆಯನ್ನು ಮಾತ್ರ. ಅದು ವರ್ಷಕ್ಕೆ 2,500 ರೂಪಾಯಿಗಳನ್ನು ಮೀರುವಂತಿಲ್ಲ. ಆದರೆ ನಮ್ಮ ಸೀಮೆಯ ಇತಿಹಾಸ ತುಸು ಬೇರೆ. ಕಲಬುರಗಿಯು ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ ಅಲ್ಲಿ ಫಸಲಿ 1357ರ ವರಮಾನ ತೆರಿಗೆ ಅಧಿನಿಯಮವೊಂದು ಪ್ರತ್ಯೇಕವಾಗಿಯೇ ಇತ್ತು. 1950ರ ಏಪ್ರಿಲ್ 1ರಿಂದ ಭಾರತದ 1922ರ ಅಧಿನಿಯಮವು ಇಲ್ಲಿಗೂ ವಿಸ್ತರಿಸಿತು. ಸಂಸ್ಥಾನದ ತೆರಿಗೆ ಅಲ್ಲಿಗೆ ಮುಗಿಯಿತು. ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು ಇದಾದ ಮೇಲೆ, 1956ರ ನವೆಂಬರ್ 1ರಂದು.

ಈಗ ಪ್ರಸ್ತುತ ವಿಷಯ. ಇಲ್ಲಿ ನಾವು ಹೇಳುವ ಪ್ರಕರಣಗಳೆಲ್ಲ 1961ರ ಅಧಿನಿಯಮದವು. 2025ರ ಹೊಸ ಅಧಿನಿಯಮವು ಅನ್ವಯವಾಗುವುದು 2026ರ ಏಪ್ರಿಲ್ 1ರಿಂದ. 17ನೆಯ ಪ್ರಕರಣದ ಎರಡನೆಯ ಉಪಪ್ರಕರಣದಂತೆ, ನೌಕರನು ತಾನೇ ತೆರಬೇಕಾದ ವೆಚ್ಚವನ್ನು ಮಾಲಿಕನು ತೆತ್ತರೆ ಅದೂ ಸಂಬಳವೇ. ಈ ನಿಯಮ ಕಠಿಣವೆಂದು ತೋರಬಹುದು. ಆದರೆ ಇದಿಲ್ಲದಿದ್ದಲ್ಲಿ ಅರ್ಧ ಸಂಬಳವು ಮನೆಬಾಡಿಗೆಯ, ಔಷಧದ ರಸೀದಿಗಳ ರೂಪ ತಾಳಿ ತೆರಿಗೆಯಿಂದ ತಪ್ಪಿಸಿಕೊಳ್ಳುತ್ತಿತ್ತು. ಆದುದರಿಂದ ನಿಯಮವನ್ನು ವಿಶಾಲವಾಗಿಟ್ಟು, ವೈದ್ಯೋಪಚಾರಕ್ಕೆ ಕೆಲವು ವಿನಾಯಿತಿಗಳನ್ನು ಪರಂತುಕದಲ್ಲಿ ಕೊಡಲಾಗಿದೆ.

ಮಾಲಿಕನೇ ನಡೆಸುವ ಆಸ್ಪತ್ರೆಯ ಚಿಕಿತ್ಸೆಗೆ ತೆರಿಗೆಯಿಲ್ಲ. ಸರ್ಕಾರದ ಅಥವಾ ಸ್ಥಳೀಯ ಸಂಸ್ಥೆಯ ಆಸ್ಪತ್ರೆಯಲ್ಲಿ ಆದ ವೆಚ್ಚದ ಮರುಪಾವತಿಗೂ ತೆರಿಗೆಯಿಲ್ಲ, ಮೊತ್ತದ ಮಿತಿಯೂ ಇಲ್ಲ. ಸರ್ಕಾರವು ತನ್ನ ನೌಕರರ ಚಿಕಿತ್ಸೆಗಾಗಿ ಮಾನ್ಯ ಮಾಡಿದ ಖಾಸಗಿ ಆಸ್ಪತ್ರೆಗಳಿಗೂ ಇದೇ ಮಾತು ಸಲ್ಲುತ್ತದೆ. ಇಲ್ಲೊಂದು ಸೂಕ್ಷ್ಮವುಂಟು, ಅನೇಕರು ಇದನ್ನು ಗಮನಿಸುವುದಿಲ್ಲ. ಮಾನ್ಯತೆ ಸರ್ಕಾರಿ ನೌಕರರ ಸಲುವಾಗಿ ದೊರೆತದ್ದಾದರೂ ಅದರ ಫಲ ಖಾಸಗಿ ನೌಕರನಿಗೂ ಲಭ್ಯ. ಕರ್ನಾಟಕದಲ್ಲಿ 1963ರ ವೈದ್ಯಕೀಯ ಹಾಜರಾತಿ ನಿಯಮಗಳ ಮೇರೆಗೆ ಮಾನ್ಯತೆ ಪಡೆದ ಆಸ್ಪತ್ರೆಯಾದರೆ ನಮ್ಮ ಅಧ್ಯಾಪಕರ 60,000 ರೂಪಾಯಿ ತೆರಿಗೆಯಿಂದ ಪೂರ್ತಿ ಮುಕ್ತ. ಅದೇ ಬೀದಿಯ ಮಾನ್ಯತೆಯಿಲ್ಲದ ನರ್ಸಿಂಗ್ ಹೋಮ್ ಆದರೆ ಪೂರ್ತಿ ವರಮಾನ, ಶೇ. 20ರ ಹಂತದಲ್ಲಿರುವವರಿಗೆ ಉಪಕರವೂ ಸೇರಿ 12,480 ರೂಪಾಯಿ ತೆರಿಗೆ. ಒಂದೇ ರೋಗ, ಒಂದೇ ವೆಚ್ಚ. ಇದು ನ್ಯಾಯವೆಂದು ನಮಗೆ ತೋರುವುದಿಲ್ಲ; ತುರ್ತಿನಲ್ಲಿ ಆಸ್ಪತ್ರೆಗೆ ಧಾವಿಸುವವನು ಮಾನ್ಯತೆಯ ಪಟ್ಟಿಯನ್ನು ನೋಡಿಕೊಂಡು ಹೋಗುವನೆ?

ಕ್ಯಾನ್ಸರ್, ಕ್ಷಯ, ಹೃದ್ರೋಗ ಮೊದಲಾಗಿ ನಿಯಮ 3ಎ ಹೆಸರಿಸುವ ಕಾಯಿಲೆಗಳಿಗೆ ಇನ್ನೊಂದು ದಾರಿಯಿದೆ: ತೆರಿಗೆ ಇಲಾಖೆಯ ಮುಖ್ಯ ಆಯುಕ್ತರು ಅನುಮೋದಿಸಿದ ಆಸ್ಪತ್ರೆ. ಅಲ್ಲಿಯಾದರೆ ರೋಗವನ್ನು ಹೆಸರಿಸುವ ಪ್ರಮಾಣಪತ್ರವೂ ರಸೀದಿಯೂ ಅವಶ್ಯ. ಕುಟುಂಬವೆಂದರೆ ಪತಿ ಅಥವಾ ಪತ್ನಿ ಮತ್ತು ಮಕ್ಕಳು. ತಂದೆತಾಯಿ, ಒಡಹುಟ್ಟಿದವರು ನೌಕರನನ್ನೇ ಅವಲಂಬಿಸಿದ್ದರೆ ಮಾತ್ರ ಅದರಲ್ಲಿ ಸೇರುತ್ತಾರೆ.

ಹಿಂದೆ ಯಾವ ಆಸ್ಪತ್ರೆಯೇ ಆಗಲಿ, ಔಷಧದಂಗಡಿಯ ರಸೀದಿಯೇ ಆಗಲಿ, ವರ್ಷಕ್ಕೆ 15,000 ರೂಪಾಯಿವರೆಗಿನ ಮರುಪಾವತಿಗೆ ವಿನಾಯಿತಿಯಿತ್ತು. 2018ರ ಹಣಕಾಸು ಅಧಿನಿಯಮವು ಅದನ್ನೂ 19,200 ರೂಪಾಯಿಗಳ ಸಾರಿಗೆ ಭತ್ಯದ ವಿನಾಯಿತಿಯನ್ನೂ ತೆಗೆದು, 40,000 ರೂಪಾಯಿಗಳ ಪ್ರಮಾಣಿತ ಕಡಿತವನ್ನು ಕೊಟ್ಟಿತು. ಎರಡೂ ಸೇರಿ 34,200. ಎಂದರೆ ಹೆಚ್ಚಾಗಿ ದೊರೆತದ್ದು 5,800 ಮಾತ್ರ. ಈ ಕಡಿತ 2019ರಲ್ಲಿ 50,000ಕ್ಕೆ, ಹೊಸ ತೆರಿಗೆ ಪದ್ಧತಿಯಲ್ಲಿ 2024ರಲ್ಲಿ 75,000ಕ್ಕೆ ಏರಿತು. ಪ್ರತಿ ತಿಂಗಳೂ ರಸೀದಿ ಕೂಡಿಸಿಡುವ ಕಷ್ಟ ತಪ್ಪಿತೆಂಬುದು ನಿಜ. ಆದರೆ ಕಾಯಿಲೆಯಿಲ್ಲದವನಿಗೂ ನಿತ್ಯರೋಗಿಗೂ ಒಂದೇ ಅಳತೆಯಾಯಿತು.

ಮರುಪಾವತಿಯಾಗದೆ ಉಳಿದ ವೆಚ್ಚಕ್ಕೆ 80ಡಿಡಿಬಿ ಪ್ರಕರಣವಿದೆ. ನಿಗದಿತ ರೋಗಗಳಿಗೆ 40,000, ರೋಗಿಯು 60 ವರ್ಷ ತುಂಬಿದವರಾದರೆ 1,00,000 ರೂಪಾಯಿವರೆಗೆ ಕಡಿತ. ಮಾಲಿಕನಿಂದಲೋ ವಿಮೆಯಿಂದಲೋ ಬಂದ ಹಣವನ್ನು ವೆಚ್ಚದಲ್ಲಲ್ಲ, ಈ ಕಡಿತದಲ್ಲೇ ಕಳೆಯಬೇಕು. ವೃದ್ಧ ತಾಯಿಯ ಚಿಕಿತ್ಸೆಗೆ 1,50,000 ವೆಚ್ಚವಾಗಿ 60,000 ಮರಳಿ ಬಂದಿದ್ದರೆ, ಕೈಯಿಂದ ಹೋದದ್ದು 90,000. ದೊರೆಯುವ ಕಡಿತ 40,000 ಮಾತ್ರ. ಹೊಸ ಪದ್ಧತಿಯನ್ನು ಆರಿಸಿಕೊಂಡವರಿಗೆ ಇದೂ ಇಲ್ಲ, ವಿಮಾ ಕಂತಿನ 80ಡಿ ಕಡಿತವೂ ಇಲ್ಲ. 17ನೆಯ ಪ್ರಕರಣದ ಆಸ್ಪತ್ರೆಯ ವಿನಾಯಿತಿ ಮಾತ್ರ ಅವರಿಗೂ ಉಂಟು. ಆದುದರಿಂದ ಸಂಬಳದ ಬಟವಾಡೆ ಮಾಡುವ ಗುಮಾಸ್ತರಿಗೆ ರಸೀದಿಯೊಡನೆ ಆಸ್ಪತ್ರೆಯ ಮಾನ್ಯತಾ ಆದೇಶದ ಪ್ರತಿಯನ್ನೂ ಕೊಡುವುದು ಒಳಿತು. ಕೊಡದಿದ್ದಲ್ಲಿ ಅವರು ತೆರಿಗೆಯನ್ನು ಮುರಿದುಕೊಳ್ಳುವ ಸಂಭವವಿದ್ದು, ಹಾಗೆ ಮುರಿದುಕೊಂಡದ್ದನ್ನು ಮರಳಿ ಪಡೆಯಲು ವಿವರಪಟ್ಟಿ ಸಲ್ಲಿಸುವವರೆಗೆ ಕಾಯಬೇಕು.