ಮೂರು ಬಾಯಿಯ ವೆಬರ್

1963ರ ಸೆಪ್ಟೆಂಬರಿನಲ್ಲಿ ಪೋರ್ಷೆ ಕಂಪನಿ ಫ್ರಾಂಕ್‌ಫರ್ಟ್ ಪ್ರದರ್ಶನಕ್ಕೆ 901 ಎಂಬ ಹೊಸ ಕಾರನ್ನು ತಂದಿತು. ನಡುವೆ ಸೊನ್ನೆಯಿರುವ ಮೂರಂಕಿಯ ಹೆಸರು ತನ್ನದೆಂದು ಫ್ರಾನ್ಸಿನ ಪ್ಯೂಜೋ ತಕರಾರು ತೆಗೆದದ್ದರಿಂದ ಅದು 911 ಆಯಿತು. ಹಿಂಬದಿಯಲ್ಲಿ ಆರು ಸಿಲಿಂಡರಿನ ಇಂಜಿನ್. ಆ ಕಡೆ ಮೂರು, ಈ ಕಡೆ ಮೂರು ಅಡ್ಡ ಮಲಗಿಸಿದ್ದು. 1991 ಸಿಸಿ, 130 ಅಶ್ವಶಕ್ತಿ. ರೇಡಿಯೇಟರಿಗೆ ನೀರು ತುಂಬುವ ಕೆಲಸವೇ ಇಲ್ಲ. ದೊಡ್ಡದೊಂದು ಫ್ಯಾನು ಊದುವ ಗಾಳಿಯೇ ಸಿಲಿಂಡರುಗಳನ್ನು ತಣಿಸಬೇಕು.

ಈ ಇಂಜಿನ್ನಿಗೆ ಗಾಳಿ, ಪೆಟ್ರೋಲು ಬೆರೆಸಿಕೊಡಲು ಪೋರ್ಷೆ ಮೊದಲು ಆರಿಸಿದ್ದು ಸೋಲೆಕ್ಸ್ ಕಂಪನಿಯ 40 ಪಿಐ ಕಾರ್ಬ್ಯುರೇಟರನ್ನು, ಸಿಲಿಂಡರಿಗೊಂದರಂತೆ ಆರು. ಸಾಧಾರಣ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲಿನ ಮಟ್ಟ ಕಾಯುವುದು ಫ್ಲೋಟ್ ಎಂಬ ತೇಲುಬುರುಡೆ. ವೇಗದ ಕಾರು ತಿರುವಿಗೆ ಬಿದ್ದಾಗ ಪೆಟ್ರೋಲು ಒಂದು ಪಕ್ಕಕ್ಕೆ ವಾಲಿ ಆ ಲೆಕ್ಕ ತಪ್ಪುತ್ತದೆ. ಸೋಲೆಕ್ಸಿನವರು ಕಾರ್ಬ್ಯುರೇಟರಿನೊಳಗೆ ಫ್ಲೋಟನ್ನೇ ಇಡಲಿಲ್ಲ. ಪಂಪು ಬೇಕಾದದ್ದಕ್ಕಿಂತ ಹೆಚ್ಚು ಪೆಟ್ರೋಲನ್ನು ಮೇಲಕ್ಕೆ ತಳ್ಳುತ್ತದೆ, ಮಿಕ್ಕಿದ್ದು ಉಕ್ಕಿ ವಾಪಸು ಹರಿಯುತ್ತದೆ. ಕೋಡಿ ಬಿದ್ದ ಕೆರೆಯಲ್ಲಿ ನೀರು ಕೋಡಿಯ ಮಟ್ಟಕ್ಕೇ ನಿಲ್ಲುತ್ತದಲ್ಲ, ಅದೇ ಉಪಾಯ. ಕೇಳಿದರೆ ಈಗಲೂ ಜಾಣತನವೆನಿಸುತ್ತದೆ.

ಆದರೆ ರಸ್ತೆಯಲ್ಲಿ ಅದು ಕೈಕೊಟ್ಟಿತು. ನಿಮಿಷಕ್ಕೆ 2500ರಿಂದ 3000 ಸುತ್ತಿನ ಆಸುಪಾಸಿನಲ್ಲಿ ಪಿಕಪ್ ಬಿದ್ದುಹೋಗುತ್ತಿತ್ತು. ತಮಿಳುನಾಡಿನ ಓಮಲೂರಿನಿಂದ ಧರ್ಮಪುರಿ ಕಡೆಗೆ ತೊಪ್ಪೂರು ಘಾಟಿ ಹತ್ತಿದವರಿಗೆ ಆ ಸುತ್ತಿನ ಬೆಲೆ ಗೊತ್ತು. ಲಾರಿಯ ಹಿಂದೆ ತೆವಳುತ್ತಿದ್ದು, ದಾರಿ ಸಿಕ್ಕ ಕೂಡಲೇ ಎಕ್ಸಲರೇಟರ್ ಒತ್ತುವುದು ಸುಮಾರಾಗಿ ಅಲ್ಲಿಯೇ. ಆಗಲೇ ಇಂಜಿನ್ ತಡವರಿಸಿದರೆ 6100 ಸುತ್ತಿನಲ್ಲಿ ಬರುವ 130 ಅಶ್ವಶಕ್ತಿಯಿಂದ ಏನು ಪ್ರಯೋಜನ?

ಕಾರ್ಬ್ಯುರೇಟರಿನ ಬಾಯಿಯೊಳಗೆ ಗಾಳಿ ಇಕ್ಕಟ್ಟಿನಲ್ಲಿ ನುಗ್ಗುವಾಗ ಅಲ್ಲಿ ಒತ್ತಡ ಇಳಿಯುತ್ತದೆ. ಆ ಸೆಳೆತಕ್ಕೆ ಜೆಟ್ ಎಂಬ ಸಣ್ಣ ರಂಧ್ರದಿಂದ ಪೆಟ್ರೋಲು ಚಿಮ್ಮುತ್ತದೆ. ಆ ಇಕ್ಕಟ್ಟಿಗೆ ವೆಂಚುರಿ ಎಂದು ಹೆಸರು. ಇಂಜಿನ್ ಮೆಲ್ಲಗೆ ತಿರುಗುವಾಗ ಪೆಟ್ರೋಲು ಕೊಡುವುದು ಐಡಲ್ ಜೆಟ್, ವೇಗ ಏರಿದಾಗ ಮೇನ್ ಜೆಟ್. ಒಂದರ ಕೆಲಸ ಮುಗಿಯುತ್ತಿದ್ದಂತೆ ಇನ್ನೊಂದು ಹಿಡಿದುಕೊಳ್ಳಬೇಕು. ಈ ಕೈಬದಲಿನಲ್ಲಿ ಚೂರು ಸಂದು ಬಿದ್ದರೂ ಕಾಲಿಗೆ ತಿಳಿಯುತ್ತದೆ.

ಉತ್ತರ ಸಿಕ್ಕಿದ್ದು ಇಟಲಿಯ ಬೊಲೊನ್ಯಾದಲ್ಲಿ. ಎಡುವಾರ್ಡೊ ವೆಬರ್ 1923ರಲ್ಲಿ ಅಲ್ಲಿ ಕಾರ್ಬ್ಯುರೇಟರ್ ಕಾರ್ಖಾನೆ ತೆರೆದಿದ್ದ. 1945ರಲ್ಲಿ ಅವನು ಕಾಣೆಯಾದ, ಮತ್ತೆ ಸಿಗಲಿಲ್ಲ. ಅವನ ಹೆಸರಿನ ಕಾರ್ಬ್ಯುರೇಟರುಗಳು ಮಾತ್ರ ಫೆರಾರಿ, ಮಸೆರಾಟಿಗಳ ಇಂಜಿನ್ ಮೇಲೆ ಕೂತು ಪಂದ್ಯಗಳಲ್ಲಿ ಓಡಿದವು. 1966ರಲ್ಲಿ 911ಕ್ಕೆ ಬಂದದ್ದು ವೆಬರ್ 40 ಐಡಿಎ: ಒಂದೇ ಎರಕದಲ್ಲಿ ಮೂರು ಬಾಯಿ, ಪಕ್ಕಕ್ಕೊಂದರಂತೆ ಎರಡು ಕಾರ್ಬ್ಯುರೇಟರ್. ಉಕ್ಕಿ ಹರಿಯುವ ಏರ್ಪಾಟು ಹೋಯಿತು, ಹಳೆಯ ಫ್ಲೋಟ್ ಮರಳಿತು. ಹೊಸತನ್ನು ಬಿಟ್ಟು ಹಳೆಯದಕ್ಕೆ ತಿರುಗುವ ಧೈರ್ಯ ಆ ಇಂಜಿನಿಯರುಗಳಿಗಿತ್ತು. ಈ ಕತೆಯಲ್ಲಿ ನನಗೆ ತುಂಬ ಇಷ್ಟವಾದದ್ದು ಅದೇ.

40 ಎಂದರೆ ಥ್ರಾಟಲ್ ಬಾಯಿಯ ಅಗಲ, ಮಿಲಿಮೀಟರಿನಲ್ಲಿ. ಒಳಗಿನ ವೆಂಚುರಿಯನ್ನು ಬದಲಿಸಬಹುದು, ನಿಜವಾದ ಆಯ್ಕೆ ನಡೆಯುವುದು ಅಲ್ಲಿ. ದೊಡ್ಡದು ಹಾಕಿದರೆ ಮೇಲಿನ ಸುತ್ತಿನಲ್ಲಿ ಗಾಳಿ ಧಾರಾಳ, ಕೆಳಗಿನ ಸುತ್ತಿನಲ್ಲಿ ಸೆಳೆತ ಸಾಲದು. ಈಗಲೂ ಹಳೆಯ 911 ರಿಪೇರಿ ಮಾಡಿಸುವವರು ದೊಡ್ಡದಕ್ಕೇ ಆಸೆಪಡುತ್ತಾರೆ. ಊರಿನ ರಸ್ತೆಯಲ್ಲಿ ಓಡಿಸುವವರಿಗೆ ಅದು ಬೇಡವೇ ಬೇಡ.

ಗಾಳಿಯಿಂದ ತಣಿಯುವ ಇಂಜಿನ್ನಿಗೆ ಇನ್ನೊಂದು ಎಚ್ಚರ ಬೇಕು. ಪೆಟ್ರೋಲು ಆವಿಯಾಗುವಾಗ ಒಂದಿಷ್ಟು ಶಾಖವನ್ನು ತಾನೂ ಹೀರುತ್ತದೆ. ಉಳಿತಾಯವೆಂದು ಜೆಟ್ ತೀರ ಸಣ್ಣದು ಮಾಡಿದರೆ ಸೇಲಂ ಕಡೆಯ ಮೇ ತಿಂಗಳ ಬಿಸಿಲಿನಲ್ಲಿ ಸಿಲಿಂಡರ್ ಹೆಡ್ ಕೆಂಡವಾಗುತ್ತದೆ. ಅದೇ ಕಾರು ಸುಮಾರು 1500 ಮೀಟರ್ ಎತ್ತರದ ಏರ್ಕಾಡು ಹತ್ತಿದರೆ ಸಂಗತಿ ತಿರುಗುಮುರುಗು: ಗಾಳಿ ಹತ್ತನೇ ಒಂದು ಪಾಲಿನಷ್ಟು ತೆಳುವಾಗಿ, ಪೆಟ್ರೋಲು ಹೆಚ್ಚಾಗಿ, ಪ್ಲಗ್ ಕಪ್ಪಾಗುತ್ತದೆ. ಬಯಲಿನಲ್ಲೇ ಓಡುವ ಕಾರಿಗೆ ಬಯಲಿನ ಜೆಟ್ಟನ್ನೇ ಇಡಬೇಕು, ಬೆಟ್ಟದ ಮೇಲೆ ಸ್ವಲ್ಪ ಹೊಗೆ ಬಂದರೆ ಸಹಿಸಿಕೊಳ್ಳಬೇಕು.

1969ರ ಮಾದರಿಯಿಂದ 911ರ ದುಬಾರಿ ಬಗೆಗಳು ಕಾರ್ಬ್ಯುರೇಟರ್ ಬಿಟ್ಟು ಬಾಷ್ ಇಂಜೆಕ್ಷನ್ನಿಗೆ ಹೋದವು. ಅಗ್ಗದ 911 ಟಿ ಮಾತ್ರ ವೆಬರನ್ನು ಉಳಿಸಿಕೊಂಡಿತು, ಆಮೇಲೆ ಜೆನಿತ್ ಕಾರ್ಬ್ಯುರೇಟರಿಗೆ ಬದಲಾಯಿತು. ಯುರೋಪಿನಲ್ಲಿ 1973ರವರೆಗೂ ಅದು ಕಾರ್ಬ್ಯುರೇಟರಿನಲ್ಲೇ ಓಡಿತು.