ಬಿದ್ದವರನ್ನು ಹೊಡೆಯಬಹುದೇ?

ದೇವದುರ್ಗದ ಮೇ ತಿಂಗಳ ಬಿಸಿಲು ಬೆಳಗಿನ ಹತ್ತು ಗಂಟೆಗೇ ಮಕ್ಕಳನ್ನು ಮನೆಯೊಳಗೆ ಅಟ್ಟುತ್ತದೆ. ಕಳೆದ ಬೇಸಿಗೆ ರಜೆಯಲ್ಲಿ ಅಲ್ಲಿನ ನಮ್ಮ ಅಕ್ಕನ ಮನೆಯ ಪಡಸಾಲೆಯಲ್ಲಿ ಹೀಗೆ ಒಳಗೆ ಸೇರಿದ ಮಕ್ಕಳು ಐದು ಮಂದಿ. ರಾಯಚೂರಿನಲ್ಲಿ ಇಂಜಿನಿಯರಿಂಗ್ ಓದುವ ಅಕ್ಕನ ಹಿರಿಯ ಮಗ, ಅವನ ತಮ್ಮ, ರಾಯಚೂರಿನಿಂದಲೇ ಬಂದಿದ್ದ ಚಿಕ್ಕಪ್ಪನ ಇಬ್ಬರು ಹುಡುಗರು, ಮಾನ್ವಿಯಿಂದ ಬಂದಿದ್ದ ಹದಿಮೂರರ ಹುಡುಗಿ. ನಡುವೆ ಒಂದಿಷ್ಟು ಹಾಳೆ, ಪೆನ್ಸಿಲ್ಲು, ಇಪ್ಪತ್ತು ಮುಖದ ಒಂದು ವಿಚಿತ್ರ ದಾಳ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರಾಗನ್ಸ್. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಹೊರತಂದದ್ದು. ಇದಕ್ಕೆ ಹಾಸು ಬೇಕೇ ಬೇಕೆಂದಿಲ್ಲ. ಒಬ್ಬ ಸೂತ್ರಧಾರ ಕಥೆ ಹೇಳುತ್ತಾನೆ. ಉಳಿದವರು ಒಂದೊಂದು ಪಾತ್ರ ಹೊತ್ತು, ‘ನಾನು ಬಾಗಿಲು ಒಡೆಯುತ್ತೇನೆ’, ‘ನಾನು ಮರದ ಹಿಂದೆ ಅಡಗುತ್ತೇನೆ’ ಎನ್ನುತ್ತಾರೆ. ಆದೀತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ನಮ್ಮ ಕಡೆಯ ಬಯಲಾಟವನ್ನು ವೇಷವಿಲ್ಲದೆ ಚಾಪೆಯ ಮೇಲೆ ಕುಳಿತು, ಮುಂದಿನ ಮಾತು ಏನೆಂದು ತಿಳಿಯದೆ ಆಡಿದ ಹಾಗೆ ಎಂದುಕೊಳ್ಳಿ. ಒಂದು ಪಾತ್ರ ವಾರಗಟ್ಟಲೆ, ತಿಂಗಳುಗಟ್ಟಲೆ ಬೆಳೆಯುತ್ತದೆ. ಸತ್ತರೆ ಸಾಮಾನ್ಯವಾಗಿ ಸತ್ತಂತೆಯೇ.

ಜಗಳ ಹುಟ್ಟಿದ್ದು ಹೀಗೆ. ಮೊದಲ ದಿನ ಮಕ್ಕಳ ತಂಡ ಕೋಟೆಯೊಂದಕ್ಕೆ ನುಗ್ಗಿತು. ಮಂತ್ರ ಬಲ್ಲವನು ಮೂವರು ಕಾವಲುಗಾರರನ್ನು ನಿದ್ದೆಗೆಡವಿದ. ಇನ್ನೊಬ್ಬ ಕಠಾರಿ ಹಿರಿದು ಮೊದಲನೆಯವನ ಕುತ್ತಿಗೆಗೆ ಹಾಕಿದ. ಸೂತ್ರಧಾರ ಅಣ್ಣ ಪುಸ್ತಕ ತೆರೆದು ಲೆಕ್ಕ ಹಾಕಿದ. 2014ರ ನಿಯಮದ ಪ್ರಕಾರ ಮೈಮರೆತು ಬಿದ್ದವನನ್ನು ಹತ್ತಿರದಿಂದ ಹೊಡೆದರೆ ಪೆಟ್ಟಿನ ದಾಳ ಇಮ್ಮಡಿ. ಕಠಾರಿಗೆ ನಾಲ್ಕು ಮುಖದ ದಾಳ, ಇಮ್ಮಡಿಯಾದರೆ ಅಂಥವು ಎರಡು, ಮೇಲೆ ಆ ಪಾತ್ರದ ಕೈಚಳಕದ 3 ಅಂಕ. ಹೆಚ್ಚೆಂದರೆ 11. ಕಾವಲುಗಾರನ ಪ್ರಾಣವೂ 11 ಅಂಕ. ಅಂದರೆ ಹದಿನಾರು ಸಲ ಹೊಡೆದರೆ ಒಂದು ಸಲ ಮಾತ್ರ ಅವನು ಒಂದೇ ಏಟಿಗೆ ಸಾಯುತ್ತಾನೆ.

‘ಮಲಗಿದಾವನ ಕುತ್ತಿಗಿ ಕೊಯ್ದರೂ ಸಾಯಂಗಿಲ್ಲಂದ್ರ ಇದೆಂಥಾ ಆಟ?’ ಎಂದು ಹುಡುಗರು ಹುಯಿಲೆಬ್ಬಿಸಿದರು. ಮಾತು ಸರಿಯೇ ಅನ್ನಿಸಿತು. ಮಲಗಿದವನನ್ನು ಹೊಡೆದರೆ ದಾಳ ಬೇಡ, ಸತ್ತನೆಂದೇ ಲೆಕ್ಕ ಎಂದು ಎಲ್ಲರೂ ಒಪ್ಪಿದರು. ಮೂವರು ಕಾವಲುಗಾರರೂ ನಗೆಯ ನಡುವೆ ಸತ್ತರು. ಅದರಲ್ಲಿ ಒಬ್ಬನನ್ನು ಕೊಂದವಳು ಮಾನ್ವಿಯ ಹುಡುಗಿ. ಅವಳ ಪಾತ್ರ ಗಾಯ ಮಾಯಿಸುವ ವೈದ್ಯೆಯದು!

ಮರುದಿನ ದರೋಡೆಕೋರರ ದಾಳಿ. ವೈದ್ಯೆ ಪೆಟ್ಟು ತಿಂದು ಪ್ರಜ್ಞೆ ತಪ್ಪಿ ಬಿದ್ದಳು. ಪುಸ್ತಕದ ನಿಯಮದಲ್ಲಿ ಹಾಗೆ ಬಿದ್ದ ವೀರರಿಗೆ ಒಂದು ದಾರಿ ಇದೆ. ಸರದಿ ಬಂದಾಗಲೆಲ್ಲ ದಾಳ ಎಸೆಯಬೇಕು. ಹತ್ತು ಅಥವಾ ಹೆಚ್ಚು ಬಿದ್ದರೆ ಗೆಲುವು, ಕಡಿಮೆಯಾದರೆ ಸೋಲು. ಮೂರು ಗೆಲುವಿಗೆ ಪ್ರಾಣ ನಿಲ್ಲುತ್ತದೆ, ಮೂರು ಸೋಲಿಗೆ ಹೋಗುತ್ತದೆ. ಆದರೆ ಹಿಂದಿನ ದಿನ ಮಕ್ಕಳೇ ಮಾಡಿಕೊಂಡ ಕಾನೂನು ಇತ್ತಲ್ಲ? ದರೋಡೆಕೋರನೊಬ್ಬ ಬಂದು ಕತ್ತಿ ಎತ್ತಿದ. ದಾಳವಿಲ್ಲದೆ ವೈದ್ಯೆ ಸತ್ತಳು.

‘ನನಗ ಎಚ್ಚರನಾ ಇರಲಿಲ್ಲ, ಬಿದ್ದಾಕಿನ್ನ ಹೆಂಗ ಹೊಡಿತೀ ಅಣ್ಣ?’ ಎಂದು ಹುಡುಗಿ ಹಾಳೆ ಹರಿದಳು.

‘ನಿನ್ನಿ ನೀ ಕುತ್ತಿಗಿ ಕೊಯ್ದೆಲ್ಲ, ಅವಗ ಎಚ್ಚರ ಇತ್ತೇನು?’

ಅವಳಲ್ಲಿ ಉತ್ತರವಿರಲಿಲ್ಲ. ಅಳುತ್ತಾ ಒಳಗೆ ಹೋದಳು. ಆ ರಾತ್ರಿ ಊಟಕ್ಕೂ ಏಳಲಿಲ್ಲ. ಅಕ್ಕ ಎಲ್ಲ ತಾಯಂದಿರಂತೆ ‘ಆಟನೇ ಬಂದ್ ಮಾಡ್ರಿ’ ಎಂದಳು.

ಇಂಥ ಆಟಗಳನ್ನು ಕಂಡು ಹೆತ್ತವರು ಗಾಬರಿಯಾಗುವುದು ಹೊಸತಲ್ಲ. 1980ರ ದಶಕದಲ್ಲಿ ಅಮೆರಿಕದಲ್ಲಿ ಈ ಆಟದ ವಿರುದ್ಧ ಸಂಘಟನೆಯೇ ಹುಟ್ಟಿತ್ತು. ನನಗಂತೂ ಆಟಕ್ಕಿಂತ ಆ ಹುಡುಗಿ ಕೇಳಿದ ಪ್ರಶ್ನೆಯೇ ದೊಡ್ಡದಾಗಿ ಕಂಡಿತು. ಐವತ್ತು ವರ್ಷಗಳಿಂದ ಈ ಆಟದ ಪುಸ್ತಕ ಬರೆದವರೂ ಅದನ್ನೇ ಕೇಳಿಕೊಳ್ಳುತ್ತಾ ಬಂದಿದ್ದಾರೆ. ಎಪ್ಪತ್ತರ ದಶಕದ ಪುಸ್ತಕದಲ್ಲಿ ಮಂತ್ರದಿಂದ ಮಲಗಿದವರನ್ನು ದಾಳವಿಲ್ಲದೆ ಸರದಿಗೊಬ್ಬರಂತೆ ಕೊಲ್ಲಬಹುದಿತ್ತು. 2000ದ ಆವೃತ್ತಿ ಇದಕ್ಕೆ ಬೇರೆಯೇ ಕ್ರಮ ಮಾಡಿತು. ಕೈಕಾಲು ಕಟ್ಟಿದವರು, ಮಲಗಿದವರು, ಮೈಮರೆತವರು ‘ಅಸಹಾಯಕರು’. ಅವರ ಮೇಲಿನ ಏಟು ತಪ್ಪುವುದಿಲ್ಲ, ಬದುಕಿದರೂ ಮೈಕಸುವಿನ ಪರೀಕ್ಷೆಯಲ್ಲಿ ಗೆಲ್ಲದಿದ್ದರೆ ಸಾವು. ಆದರೆ ಹಾಗೆ ಹೊಡೆಯಲು ಹೋದವನು ತನ್ನ ಸರದಿಯನ್ನೆಲ್ಲ ಅದಕ್ಕೇ ಕೊಡಬೇಕು, ಅಕ್ಕಪಕ್ಕದ ಶತ್ರುವಿಗೆ ಮೈಯೊಡ್ಡಬೇಕು. 2014ರಲ್ಲಿ ಅದನ್ನೂ ತೆಗೆದು ಇಮ್ಮಡಿ ದಾಳ ಉಳಿಸಿದರು. ಅದೇ ಪುಸ್ತಕದಲ್ಲಿ ಒಂದು ಒಳ್ಳೆಯ ಸಾಲೂ ಇದೆ: ಕೈಯಾರೆ ಹೊಡೆದು ಎದುರಾಳಿಯನ್ನು ಕೆಡವುವವನು ಬೇಕೆಂದರೆ ಅವನನ್ನು ಕೊಲ್ಲದೆ ಪ್ರಜ್ಞೆ ತಪ್ಪಿಸಿ ಬಿಡಬಹುದು. ಬಹಳ ಮಕ್ಕಳು ಆ ಸಾಲನ್ನು ಓದಿಯೇ ಇರುವುದಿಲ್ಲ.

ಪುಸ್ತಕ ಏನೇ ಹೇಳಲಿ, ಆಡುವವರು ತಮ್ಮ ಮನೆಯ ಕಾನೂನು ತಾವೇ ಮಾಡಿಕೊಳ್ಳುತ್ತಾರೆ. ಇದು ನಮಗೆ ಅಪರಿಚಿತವೇನಲ್ಲ. ಚೌಕಾಬಾರ ಆಡದ ಮನೆ ನಮ್ಮಲ್ಲಿ ಯಾವುದಿತ್ತು? ನಾಲ್ಕು ಕವಡೆ, ಇಪ್ಪತ್ತೈದು ಮನೆ. ಗುರುತು ಹಾಕಿದ ಕಟ್ಟೆಯ ಮೇಲೆ ಕೂತ ಕಾಯಿಯನ್ನು ಹೊಡೆಯುವಂತಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಎನ್ನುವ ಮನೆಗಳಿವೆ, ಹೋಗಬಹುದು ಎನ್ನುವ ಮನೆಗಳೂ ಇವೆ. ಜೋಡಿ ಕಾಯಿಯ ವಿಷಯದಲ್ಲಂತೂ ಓಣಿಗೊಂದು ಕಾನೂನು. ಬೀಗರ ಮನೆಗೆ ಹೋದಾಗ ಮೊದಲು ಕೇಳಿಕೊಳ್ಳದೆ ಕವಡೆ ಹಿಡಿದರೆ ಜಗಳ ಗ್ಯಾರಂಟಿ.

ಇದಕ್ಕಿಂತ ದೊಡ್ಡ ಉದಾಹರಣೆ ಮಹಾಭಾರತದ್ದು. ಭೀಷ್ಮಪರ್ವದ ಆರಂಭದಲ್ಲೇ ಕೌರವ ಪಾಂಡವರು ಸೇರಿ ಯುದ್ಧದ ಕಟ್ಟಳೆ ಮಾಡಿಕೊಳ್ಳುತ್ತಾರೆ. ಆಯುಧ ಕಳೆದುಕೊಂಡವನನ್ನು, ಕವಚವಿಲ್ಲದವನನ್ನು, ಬೆನ್ನು ತಿರುಗಿಸಿದವನನ್ನು, ಇನ್ನೊಬ್ಬನೊಡನೆ ಹೋರಾಡುತ್ತಿರುವವನನ್ನು ಹೊಡೆಯಬಾರದು. ಸಾರಥಿ, ಭೇರಿ ಬಾರಿಸುವವರನ್ನೂ ಮುಟ್ಟಬಾರದು. ಇಷ್ಟು ಸ್ಪಷ್ಟವಾಗಿ ಮಾತಾಡಿಕೊಂಡವರು ಮುಂದೆ ಮಾಡಿದ್ದೇನು? ಆಯುಧ ಕಳೆದುಕೊಂಡ ಅಭಿಮನ್ಯುವನ್ನು ಮುತ್ತಿ ಕೊಂದರು. ತೋಳು ಕತ್ತರಿಸಿ ಹೋಗಿ ಪ್ರಾಣಬಿಡಲು ಕುಳಿತಿದ್ದ ಭೂರಿಶ್ರವನ ತಲೆಯನ್ನು ಸಾತ್ಯಕಿ ತೆಗೆದ. ಶಸ್ತ್ರ ಕೆಳಗಿಟ್ಟ ದ್ರೋಣನನ್ನು ಧೃಷ್ಟದ್ಯುಮ್ನ ಕೊಂದ. ನೆಲದಲ್ಲಿ ಹೂತ ರಥದ ಗಾಲಿ ಎತ್ತುತ್ತಿದ್ದ ಕರ್ಣನ ಮೇಲೆ ಬಾಣ ಬಿತ್ತು. ಗದೆಯ ಕಾಳಗದಲ್ಲಿ ನಾಭಿಯ ಕೆಳಗೆ ಹೊಡೆಯಬಾರದೆಂಬ ನಿಯಮ ಮೀರಿ ಭೀಮ ತೊಡೆ ಮುರಿದ. ಹತ್ತನೆಯ ಶತಮಾನದಲ್ಲಿ ರನ್ನ ಆ ಒಂದು ಕಾಳಗವನ್ನೇ ಹಿಡಿದು ಗದಾಯುದ್ಧವೆಂಬ ಕಾವ್ಯ ಬರೆದ. ಕೊನೆಗೆ ಅಶ್ವತ್ಥಾಮ ರಾತ್ರಿ ಪಾಳೆಯಕ್ಕೆ ನುಗ್ಗಿ ಮಲಗಿದ್ದ ಧೃಷ್ಟದ್ಯುಮ್ನನನ್ನೂ ದ್ರೌಪದಿಯ ಐವರು ಮಕ್ಕಳನ್ನೂ ಕೊಂದ. ಪ್ರತಿಯೊಬ್ಬರೂ ‘ಅವರು ಮಾಡಲಿಲ್ಲವೇ?’ ಎಂದೇ ಕೇಳಿದವರು. ಪಡಸಾಲೆಯ ಅಣ್ಣ ಕೇಳಿದ್ದೂ ಅದನ್ನೇ.

ರಾಯಚೂರಿನ ಮಕ್ಕಳಿಗೆ ಇನ್ನೂ ಹತ್ತಿರದ ಕಥೆಯಿದೆ. 1520ರ ಮೇ ತಿಂಗಳಲ್ಲಿ ಇದೇ ರಾಯಚೂರಿಗಾಗಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ ಯುದ್ಧವಾಯಿತು. ಮುಂದೆ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಅದನ್ನು ಬರೆದಿಟ್ಟಿದ್ದಾನೆ. ಮೊದಲು ರಾಯನ ಸೈನ್ಯ ತೋಪಿನ ಏಟಿಗೆ ಚದುರಿತು, ಆಮೇಲೆ ಕೈ ಮೇಲಾಯಿತು. ಆದಿಲ್ ಶಾಹಿ ಸೈನಿಕರು ಕೃಷ್ಣಾ ನದಿಗೆ ಬಿದ್ದು ಓಡತೊಡಗಿದರು. ನೀರಿನಲ್ಲಿ ಒದ್ದಾಡುವವರನ್ನು ಕೊಲ್ಲುವುದು ಸುಲಭವಿತ್ತು. ಆದರೆ ತಪ್ಪಿಲ್ಲದವರು ಬಹಳ ಮಂದಿ ಸತ್ತಿದ್ದಾರೆಂದು ರಾಯ ತನ್ನವರನ್ನು ಹಿಂದೆ ಕರೆಸಿದನಂತೆ. ಕೋಟೆ ಕೈಸೇರಿದಾಗಲೂ ಊರಿನವರ ಪ್ರಾಣಕ್ಕೆ, ಆಸ್ತಿಗೆ ಅಭಯ ಕೊಟ್ಟ. ಅದೇ ರಾಯ ಆಮೇಲೆ, ಸೋತ ಸುಲ್ತಾನ ಬಂದು ತನ್ನ ಪಾದಕ್ಕೆ ಮುತ್ತಿಡಬೇಕೆಂದು ಹಟ ಹಿಡಿದನೆಂದೂ ನೂನಿಜನೇ ಬರೆದಿದ್ದಾನೆ. ಬಿದ್ದವನನ್ನು ಕತ್ತಿಯಿಂದ ಹೊಡೆಯದಿದ್ದರೂ ಬೇರೆ ರೀತಿಯಲ್ಲಿ ಹೊಡೆಯುವ ಆಸೆ ಹೋಗುವುದು ಕಷ್ಟ.

ಇಂದು ಗಾಯಗೊಂಡು ಬಿದ್ದ, ಶರಣಾದ ಸೈನಿಕನನ್ನು ಕೊಲ್ಲುವುದು 1949ರ ಜಿನೀವಾ ಒಪ್ಪಂದಗಳ ಪ್ರಕಾರ ಅಪರಾಧ. ಯುದ್ಧದ ವಿಡಿಯೋ ಆಟಗಳಲ್ಲಿಯೂ ಈ ನಿಯಮ ಮೀರಿದವರಿಗೆ ಪರಿಣಾಮ ಇರಬೇಕೆಂದು ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿ 2013ರಲ್ಲಿ ಹೇಳಿತು. ವಿಡಿಯೋ ಆಟದಲ್ಲಿ ಅದನ್ನು ಕಂಪನಿಯವರು ಮಾಡಬೇಕು. ಪಡಸಾಲೆಯ ಆಟದಲ್ಲಿ ಆಡುವವರೇ ಮಾಡಿಕೊಳ್ಳಬಹುದು.

ದೇವದುರ್ಗದಲ್ಲಿ ನ್ಯಾಯ ಹೇಳಿದ್ದು ಅಜ್ಜಿ. ಇಪ್ಪತ್ತು ಮುಖದ ದಾಳ ಅವಳಿಗೆ ತಿಳಿಯದು, ಆದರೆ ಕವಡೆಯ ಜಗಳ ಬಿಡಿಸಿ ರೂಢಿ. ಬೆಳಿಗ್ಗೆ ಎಲ್ಲರನ್ನೂ ಕೂಡಿಸಿ ಪೂರ್ತಿ ಕೇಳಿದಳು. ‘ಆಟ ಹೂಡೂ ಮುಂಚೆ ಮಾತಾಡ್ಕೋಬೇಕಿತ್ರೋ. ಕಾಯಿ ಹೊಡೆದ ಮ್ಯಾಲ ಕಾನೂನು ಹೇಳಿದ್ರ ಯಾರು ಕೇಳ್ತಾರ?’ ಎಂದಳು. ಆಮೇಲೆ ಹಿರಿಯ ಮೊಮ್ಮಗನ ಕಡೆ ತಿರುಗಿ, ‘ನೀ ದೊಡ್ಡಾವ. ಅಕಿ ಕೊಯ್ಯೂ ಮುಂದ, ನಾಳಿ ನಿನಗೂ ಇದಾ ಬರ್ತದವಾ ಅಂತ ಹೇಳಿದ್ದೇನು?’ ಎಂದು ಕೇಳಿದಳು. ಅವನು ಹೇಳಿರಲಿಲ್ಲ.

ಎರಡು ಗಂಟೆ ಚರ್ಚೆಯಾಯಿತು. ಲೆಕ್ಕದ ನೋಟುಬುಕ್ಕಿನ ಹಿಂದಿನ ಪುಟದಲ್ಲಿ ಹೊಸ ಕಾನೂನು ಬರೆದರು. ಮಲಗಿದವನನ್ನು ಹೊಡೆದರೆ ಸಾಯುತ್ತಾನೆ ಎಂಬುದು ಉಳಿಯಿತು, ಏಕೆಂದರೆ ಅದು ನಿಜ ಎಂದು ಹುಡುಗಿಯೇ ಒಪ್ಪಿದಳು. ಆದರೆ ಹಾಗೆ ಹೊಡೆಯುವ ಮೊದಲು ಎಲ್ಲ ಆಟಗಾರರೂ ಹೂಂ ಅನ್ನಬೇಕು, ಒಬ್ಬರು ಬೇಡವೆಂದರೂ ಬೇಡ. ತಂಡ ಯಾರನ್ನೂ ಹಾಗೆ ಕೊಲ್ಲದಿದ್ದರೆ ಶತ್ರುಗಳೂ ಬಿದ್ದ ವೀರರನ್ನು ಕೊಲ್ಲುವುದಿಲ್ಲ, ಸೆರೆ ಹಿಡಿಯುತ್ತಾರೆ. ಒಮ್ಮೆ ಕೊಂದರೆ ಆ ಸುದ್ದಿ ಶತ್ರುಗಳಿಗೆ ಮುಟ್ಟುತ್ತದೆ. ಕಾಡುಮೃಗಗಳಿಗೆ ಈ ಕಾನೂನು ಅನ್ವಯಿಸದು. ಕೈಯೆತ್ತಿ ಶರಣೆಂದವನನ್ನು ಮುಟ್ಟುವಂತಿಲ್ಲ. ವೈದ್ಯೆಯನ್ನು ಬದುಕಿಸೋಣವೆಂದು ಅಣ್ಣ ಹೇಳಿದ. ಹುಡುಗಿ ಬೇಡವೆಂದು ಹೊಸ ಪಾತ್ರ ಮಾಡಿಕೊಂಡಳು, ಸತ್ತ ವೈದ್ಯೆಯ ತಂಗಿ.

ಅಂದಿನ ಆಟದಲ್ಲಿ ಮೊದಲು ಸಿಕ್ಕವನೇ ಬಂಡೆಗೊರಗಿ ಗೊರಕೆ ಹೊಡೆಯುತ್ತಿದ್ದ ಒಬ್ಬ ದರೋಡೆಕೋರ. ವೈದ್ಯೆಯನ್ನು ಕೊಂದವನೇ! ಎಲ್ಲರೂ ಹುಡುಗಿಯ ಮುಖ ನೋಡಿದರು. ಅವಳು ಸ್ವಲ್ಪ ಹೊತ್ತು ದಾಳವನ್ನು ಅಂಗೈಯಲ್ಲಿ ಹೊರಳಿಸಿದಳು. ಕೊನೆಗೆ ಅವನನ್ನು ಕಟ್ಟಿಹಾಕೋಣ ಎಂದಳು. ಹಗ್ಗ ಯಾರ ಚೀಲದಲ್ಲಿದೆ ಎಂದು ಹಾಳೆ ಹುಡುಕಿದರೆ ಯಾರೂ ಬರೆದುಕೊಂಡಿರಲಿಲ್ಲ. ಅದರ ಮೇಲೆ ಮತ್ತೆ ಅರ್ಧ ಗಂಟೆ ಜಗಳ.