ಏರೂ ಇಲ್ಲ, ಗಾಡಿಗಳ ಕಾಟವೂ ಇಲ್ಲ: ನದಿ ದಂಡೆಯ ಸೈಕಲ್ ದಾರಿ ಮತ್ತು ನಮ್ಮ ಆರೋಗ್ಯ

*ಆರೋಗ್ಯ ಮಾಲಿಕೆ*



ನೀವು ಕೊನೆಯ ಸಲ ಸೈಕಲ್ ತುಳಿದದ್ದು ಯಾವಾಗ, ನೆನಪಿದೆಯೇ? ಗಂಟೆ ಲೆಕ್ಕದ ಬಾಡಿಗೆ ಸೈಕಲ್ ತಂದು ಒಳಪೆಡಲ್ ಹೊಡೆಯುತ್ತಾ ಕಲಿತವರು, ಪಕ್ಕದೂರಿನ ಹೈಸ್ಕೂಲಿಗೆ ದಿನವೂ ತುಳಿದುಕೊಂಡು ಹೋದವರು ನಮ್ಮಲ್ಲಿ ಬಹಳ ಮಂದಿ. ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಅಂತ ಹೊಟ್ಟೆಪಾಡಿಗೆ ಬಂದ ಮೇಲೆ ಸೈಕಲ್ ಮೂಲೆ ಸೇರಿತು. ಹೆಣ್ಣುಮಕ್ಕಳಲ್ಲಿ ಎಷ್ಟೋ ಜನರಿಗೆ ಮದುವೆಯಾದ ದಿನವೇ ಅದು ತಪ್ಪಿಹೋಯಿತು.

ಈಗ ಐವತ್ತು, ಅರವತ್ತರ ವಯಸ್ಸು. ಸಕ್ಕರೆ ಕಾಯಿಲೆ, ಬಿ.ಪಿ., ಮಂಡಿನೋವು ಒಂದೊಂದಾಗಿ ಬಂದಿವೆ. ಡಾಕ್ಟರು ವ್ಯಾಯಾಮ ಮಾಡಿ ಅನ್ನುತ್ತಾರೆ. ಸೈಕಲ್ ಅಂದರೆ ಮನೆಯವರು ಹೌಹಾರುತ್ತಾರೆ: "ಈ ಟ್ರಾಫಿಕ್ಕಿನಲ್ಲಿ, ಈ ವಯಸ್ಸಿನಲ್ಲಿ?" ಅವರ ಭಯ ಸುಳ್ಳಲ್ಲ. ಆದರೆ ಆ ಭಯಕ್ಕೆ ಕಾರಣ ನಿಮ್ಮ ವಯಸ್ಸಿಗಿಂತ ಹೆಚ್ಚಾಗಿ ನಿಮ್ಮ ಮನೆ ಮುಂದಿನ ರಸ್ತೆ. ರಸ್ತೆ ಬದಲಾದರೆ ಅದೇ ದೇಹ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಇವತ್ತು ನೋಡೋಣ.

*ಒಂದು ನದಿ, ಒಂದು ದಾರಿ*

ಯುರೋಪಿನಲ್ಲಿ ಡ್ಯಾನ್ಯೂಬ್ ಎಂಬ ದೊಡ್ಡ ನದಿ ಇದೆ. ಜರ್ಮನಿಯಲ್ಲಿ ಹುಟ್ಟಿ, ಹತ್ತು ದೇಶಗಳನ್ನು ಮುಟ್ಟಿ, ಸುಮಾರು 2,850 ಕಿ.ಮೀ. ಹರಿದು ಕಪ್ಪು ಸಮುದ್ರ ಸೇರುತ್ತದೆ. ಇದರ ದಂಡೆಯಲ್ಲಿ ಜರ್ಮನಿಯ ಪಾಸಾವ್ ಪಟ್ಟಣದಿಂದ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾವರೆಗೆ 300 ಕಿ.ಮೀ.ಗೂ ಹೆಚ್ಚು ಉದ್ದದ ಸೈಕಲ್ ದಾರಿ ಇದೆ. ಬಹುಪಾಲು ಕಡೆ ಕಾರು, ಲಾರಿಗಳಿಗೆ ಪ್ರವೇಶವೇ ಇಲ್ಲ. ಉಳಿದಂತೆ ಸದ್ದಿಲ್ಲದ ಹಳ್ಳಿ ರಸ್ತೆಗಳು.

ಈ ದಾರಿ ಬಂದದ್ದು ಹೇಗೆ ಗೊತ್ತೇ? ಹಿಂದೆ ಎಂಜಿನ್ ಇರಲಿಲ್ಲ. ಸರಕು ತುಂಬಿದ ದೋಣಿ ಪ್ರವಾಹಕ್ಕೆ ಎದುರಾಗಿ ಹೋಗಬೇಕಾದರೆ ದಂಡೆಯ ಮೇಲೆ ಕುದುರೆಗಳು ಹಗ್ಗ ಕಟ್ಟಿ ಎಳೆಯಬೇಕಿತ್ತು. ಕುದುರೆ ನಡೆಯಲೆಂದು ನೀರಿನ ಪಕ್ಕದಲ್ಲೇ ಮಟ್ಟಸವಾದ ದಾರಿ ಮಾಡಿದರು. 19ನೇ ಶತಮಾನದಲ್ಲಿ ಉಗಿ ಹಡಗು ಬಂದ ಮೇಲೆ ಕುದುರೆಗಳಿಗೆ ಕೆಲಸವಿಲ್ಲದಾಯಿತು, ದಾರಿ ಉಳಿಯಿತು. 1980ರ ದಶಕದಲ್ಲಿ ಅದನ್ನೇ ಸೈಕಲ್ಲಿಗೆ ಸಜ್ಜುಗೊಳಿಸಿದರು. ಭಾರ ಎಳೆಯುವ ಕುದುರೆಗೆ ಕಷ್ಟವಾಗದಂತೆ ಮಾಡಿದ ದಾರಿ ಈಗ ನಮ್ಮ ಮಂಡಿಗೂ ಹಿತವಾಗಿದೆ.

ಪಾಸಾವ್ ಸಮುದ್ರ ಮಟ್ಟದಿಂದ ಸುಮಾರು 300 ಮೀಟರ್ ಎತ್ತರದಲ್ಲಿದೆ, ವಿಯೆನ್ನಾ ಸುಮಾರು 160 ಮೀಟರ್. ಅಂದರೆ ಅಷ್ಟು ದೂರದಲ್ಲಿ ಇಳಿಯುವುದು ಬರೀ 140 ಮೀಟರಿನಷ್ಟು. ಕಿಲೋಮೀಟರಿಗೆ ಅರ್ಧ ಮೀಟರೂ ಇಲ್ಲ! ಕಣ್ಣಿಗೆ ಕಾಣದಷ್ಟು ಸಣ್ಣ ಇಳಿಜಾರು. ಗಾಳಿಯೂ ಅಲ್ಲಿ ಸಾಮಾನ್ಯವಾಗಿ ಪಶ್ಚಿಮದಿಂದ ಬೀಸುವುದರಿಂದ ಬೆನ್ನಿಗೇ ಇರುತ್ತದೆ. ಹೀಗಾಗಿ ಪ್ರತಿ ವರ್ಷ ಸಾವಿರಾರು ಸಾಮಾನ್ಯ ಜನ ಈ ದಾರಿಯನ್ನು ಆರೇಳು ದಿನದಲ್ಲಿ ಮುಗಿಸುತ್ತಾರೆ. ನಿವೃತ್ತರಾದ ಗಂಡ ಹೆಂಡತಿ, ಮೊಮ್ಮಕ್ಕಳ ಜೊತೆ ಅಜ್ಜ ಅಜ್ಜಿ ಎಲ್ಲರೂ ಇರುತ್ತಾರೆ.

*ಏರು ಇಲ್ಲದಿದ್ದರೆ ದೇಹಕ್ಕೆ ಏನು ಲಾಭ?*

100 ಮೀಟರಿಗೆ 5 ಮೀಟರ್ ಏರುವ ರಸ್ತೆಯನ್ನು ತೆಗೆದುಕೊಳ್ಳಿ. ಮಟ್ಟಸ ನೆಲದಲ್ಲಿ ಗಂಟೆಗೆ 15 ಕಿ.ಮೀ. ಹೋಗುವವರು ಅದೇ ವೇಗದಲ್ಲಿ ಈ ಏರನ್ನು ಹತ್ತಬೇಕಾದರೆ ಸುಮಾರು ನಾಲ್ಕು ಪಟ್ಟು ಶಕ್ತಿ ಹಾಕಬೇಕು. ಆಗ ಎದೆ ಬಡಿತ ಏರುತ್ತದೆ, ಮಂಡಿಯ ಮೇಲೆ ಒತ್ತಡ ಬೀಳುತ್ತದೆ, ಹತ್ತು ನಿಮಿಷಕ್ಕೆ ಸಾಕಪ್ಪಾ ಅನ್ನಿಸುತ್ತದೆ. ಮಟ್ಟಸ ದಾರಿಯಲ್ಲಿ ಅದೇ ವ್ಯಕ್ತಿ ಒಂದು ಗಂಟೆ ಮಾತಾಡುತ್ತಾ ತುಳಿಯಬಹುದು.

ಹೀಗೆ ಹದವಾಗಿ, ಬಹಳ ಹೊತ್ತು ಮಾಡುವ ಶ್ರಮವೇ ನಮಗೆ ಬೇಕಾದದ್ದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಮಟ್ಟದ ಶ್ರಮ ಮಾಡಬೇಕು. 65 ದಾಟಿದವರಿಗೂ ಇದೇ ಲೆಕ್ಕ.

1. *ಮಂಡಿಗೆ:* ನಡೆಯುವಾಗ ಮೈಭಾರವೆಲ್ಲ ಕಾಲಿನ ಮೇಲೆ. ಸೈಕಲ್ಲಿನಲ್ಲಿ ಹೆಚ್ಚಿನ ಭಾರವನ್ನು ಸೀಟು ಹೊರುತ್ತದೆ. ಮಂಡಿಗೆ ಪೆಟ್ಟಿಲ್ಲದೆ ತೊಡೆಯ ಸ್ನಾಯು ಗಟ್ಟಿಯಾಗುತ್ತದೆ. ಆ ಸ್ನಾಯುವೇ ಮಂಡಿಗೆ ಆಧಾರ.

2. *ಸಕ್ಕರೆ ಕಾಯಿಲೆಗೆ:* ದುಡಿಯುವ ಸ್ನಾಯು ಇನ್ಸುಲಿನ್ ನೆರವಿಲ್ಲದೆಯೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ವ್ಯಾಯಾಮ ಮುಗಿದ ಮೇಲೂ ಒಂದು ದಿನದವರೆಗೆ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಹೊತ್ತು, ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ. ಆದ್ದರಿಂದ ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡಬೇಡಿ.

3. *ಕಾಲು ಊತಕ್ಕೆ:* ಮೀನಖಂಡ ಹಿಂಡಿದಂತೆಲ್ಲ ಕಾಲಿನಲ್ಲಿ ನಿಂತ ರಕ್ತ ಮೇಲಕ್ಕೆ ಹೋಗುತ್ತದೆ. ದಿನವಿಡೀ ಕುಳಿತು ಕೆಲಸ ಮಾಡುವವರಿಗೆ ಇದು ಬಹಳ ಒಳ್ಳೆಯದು.

*ಗಾಡಿಗಳಿಲ್ಲದಿದ್ದರೆ?*

ಸೈಕಲ್ ತುಳಿಯುವಾಗ ನಾವು ಕುಳಿತವರಿಗಿಂತ ಹಲವು ಪಟ್ಟು ಗಾಳಿ ಒಳಗೆ ಎಳೆಯುತ್ತೇವೆ. ಬಸ್ಸಿನ ಹಿಂದೆ ತುಳಿದರೆ ಆ ಹೊಗೆಯೂ ಅಷ್ಟೇ ಹೆಚ್ಚು ಒಳಗೆ ಹೋಗುತ್ತದೆ. ಹಿಂದಿನ ಹಾರ್ನ್‌ಗೆ ಬೆಚ್ಚಿ ಬೆಚ್ಚಿ ಕುತ್ತಿಗೆ, ಭುಜ ಬಿಗಿಯಾಗುತ್ತವೆ. ಗಾಡಿಗಳಿಲ್ಲದ ದಾರಿಯಲ್ಲಿ ಗಂಡ ಹೆಂಡತಿ ಅಕ್ಕಪಕ್ಕ ಹೋಗಬಹುದು, ಮಾತಾಡಬಹುದು, ಬೇಕಾದಲ್ಲಿ ನಿಲ್ಲಬಹುದು. ಹೆದರಿಕೆ ಇಲ್ಲದ ವ್ಯಾಯಾಮ ಮಾತ್ರ ವರ್ಷಗಟ್ಟಲೆ ನಡೆಯುತ್ತದೆ.

*ಮಕ್ಕಳು ಜರ್ಮನಿಯಲ್ಲಿದ್ದರೆ ಇದನ್ನು ಗಮನಿಸಿ*

ನಮ್ಮ ಎಷ್ಟೋ ಮನೆಗಳ ಮಕ್ಕಳು ಈಗ ಮ್ಯೂನಿಕ್ ಕಡೆ ಕೆಲಸದಲ್ಲಿದ್ದಾರೆ. ತಂದೆ ತಾಯಿ ಎರಡು ಮೂರು ತಿಂಗಳು ಹೋಗಿ, ಹಗಲೆಲ್ಲ ಮನೆಯೊಳಗೇ ಕುಳಿತು, ತೂಕ ಹೆಚ್ಚಿಸಿಕೊಂಡು ಬರುತ್ತಾರೆ. ಮ್ಯೂನಿಕ್‌ನಿಂದ ಪಾಸಾವ್ ರೈಲಿನಲ್ಲಿ ಎರಡು, ಎರಡೂವರೆ ಗಂಟೆಯ ದಾರಿ. ಪೂರಾ ವಿಯೆನ್ನಾಕ್ಕೆ ಹೋಗಬೇಕೆಂದಿಲ್ಲ. ಎರಡು ದಿನ ತುಳಿದರೂ ಸಾಕು.

ಪಾಸಾವ್‌ನಲ್ಲಿ ಡ್ಯಾನ್ಯೂಬ್, ಇನ್, ಇಲ್ಟ್ಸ್ ಎಂಬ ಮೂರು ನದಿಗಳು ಸೇರುತ್ತವೆ. ನಮ್ಮ ತಿರುಮಕೂಡಲಿನಂತೆ ಅದೂ ಒಂದು ಸಂಗಮ. ಮುಂದೆ ಶ್ಲೋಗೆನ್ ಬಳಿ ಕಾಡು ಬೆಟ್ಟಗಳ ನಡುವೆ ನದಿ ಪೂರಾ ಹಿಂತಿರುಗಿದಂತೆ ಬಳುಕುತ್ತದೆ. ಅಲ್ಲಿ ಚಿಕ್ಕ ದೋಣಿಯಲ್ಲಿ ಸೈಕಲ್ ಸಮೇತ ದಾಟಬಹುದು. ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನ ಸುಮಾರು 36 ಕಿ.ಮೀ. ಕಣಿವೆಗೆ ವಾಖಾವ್ ಎಂದು ಹೆಸರು. 2000ದಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ, ದ್ರಾಕ್ಷಿ ಮತ್ತು ಜರ್ದಾಳು ತೋಟಗಳ ಸೀಮೆ.

• ಮೇ, ಜೂನ್, ಸೆಪ್ಟೆಂಬರ್ ಹಿತವಾದ ತಿಂಗಳು. ಜುಲೈ, ಆಗಸ್ಟ್‌ನಲ್ಲಿ ಬಿಸಿಲೂ ಜನಸಂದಣಿಯೂ ಹೆಚ್ಚು. ಮಳೆ ಜೋರಾಗಿ ನದಿ ಉಕ್ಕಿದಾಗ ದಂಡೆಯ ದಾರಿ ಮುಚ್ಚುತ್ತದೆ, ಮೊದಲೇ ವಿಚಾರಿಸಿ.
• ದಿನಕ್ಕೆ 30–40 ಕಿ.ಮೀ. ಇಟ್ಟುಕೊಳ್ಳಿ. ಗಂಟೆಗೆ 13 ಕಿ.ಮೀ. ವೇಗದಲ್ಲಿ 40 ಕಿ.ಮೀ. ಅಂದರೆ ಮೂರು ಗಂಟೆ ಚಿಲ್ಲರೆ. ಸುಸ್ತಾದರೆ ಕಣಿವೆಯ ಅನೇಕ ಊರುಗಳಲ್ಲಿ ರೈಲು ನಿಲ್ದಾಣ ಇದೆ, ಸೈಕಲ್ಲಿಗೂ ಟಿಕೆಟ್ ಕೊಂಡು ಹತ್ತಬಹುದು.
• ಇಬ್ಬರಲ್ಲಿ ಒಬ್ಬರಿಗೆ ಶಕ್ತಿ ಕಡಿಮೆ ಇದ್ದರೆ ಅವರಿಗೆ ಬ್ಯಾಟರಿ ನೆರವಿನ ಸೈಕಲ್ ಬಾಡಿಗೆಗೆ ತೆಗೆದುಕೊಳ್ಳಿ. ಅದರಲ್ಲಿ ನಾಚಿಕೆ ಏನಿಲ್ಲ, ಅದನ್ನೂ ತುಳಿಯಲೇಬೇಕು.
• ಅವಲಕ್ಕಿ, ಚಟ್ನಿಪುಡಿ, ಕಡಲೆ ಜೊತೆಗಿರಲಿ. ಭಾನುವಾರ ಅಲ್ಲಿ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ.

*ನಮ್ಮ ಊರಿನಲ್ಲೇ ತಯಾರಿ: ಎಂಟು ವಾರ*

ಯುರೋಪಿಗೆ ಹೋಗುವವರು ಕೆಲವರು. ಆದರೆ ಆ ನದಿ ಕಲಿಸುವ ಪಾಠ ಎಲ್ಲರಿಗೂ ಸಲ್ಲುತ್ತದೆ: *ಮೊದಲು ದಾರಿ ಆರಿಸಿ, ಆಮೇಲೆ ಸೈಕಲ್ ಆರಿಸಿ.*

ಹೈದರಾಬಾದಿನಲ್ಲಿ ಹೊರ ವರ್ತುಲ ರಸ್ತೆಯ ಪಕ್ಕ 23 ಕಿ.ಮೀ. ಸೈಕಲ್ ಪಥ 2023ರಲ್ಲಿ ಆರಂಭವಾಗಿದೆ. ಮೇಲೆ ಸೌರ ಫಲಕಗಳ ಚಾವಣಿ ಇದೆ. ಮುಂಬೈಯವರಿಗೆ ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನವಿದೆ. ಅಲ್ಲಿ ಕಾನ್ಹೇರಿ ಗುಹೆಗಳ ಕಡೆಗಿನ ರಸ್ತೆಯಲ್ಲಿ ಏರು ಇದೆ, ಹೊಸಬರು ಕೆಳಗಿನ ಭಾಗದಲ್ಲೇ ತುಳಿಯಿರಿ. ಚೆನ್ನೈ ಮಟ್ಟಸ ಊರು, ಆದರೆ ಸೆಕೆ ಹೆಚ್ಚು, ಏಳು ಗಂಟೆಯೊಳಗೆ ಮುಗಿಸಿ. ಪುಣೆಯವರು ಭಾನುವಾರ ಬೆಳಿಗ್ಗೆ ದಂಡು ಪ್ರದೇಶದ ಅಗಲ ರಸ್ತೆ ನೋಡಿ. ದೆಹಲಿಯವರು ನವೆಂಬರ್‌ನಿಂದ ಜನವರಿವರೆಗೆ ಗಾಳಿಯ ಗುಣಮಟ್ಟ ನೋಡದೆ ಹೊರಗೆ ತುಳಿಯಬೇಡಿ. ಅಂಥ ದಿನ ಮನೆಯೊಳಗಿನ ನಿಂತ ಸೈಕಲ್ಲೇ ಮೇಲು.

ವಾರ 1–2: ವಾರಕ್ಕೆ ಮೂರು ದಿನ, 20 ನಿಮಿಷ.
ವಾರ 3–4: ವಾರಕ್ಕೆ ನಾಲ್ಕು ದಿನ, 30 ನಿಮಿಷ.
ವಾರ 5–6: ಇದರ ಜೊತೆಗೆ ಭಾನುವಾರ ಒಂದು ಗಂಟೆ.
ವಾರ 7–8: ಶನಿವಾರ, ಭಾನುವಾರ ಎರಡೂ ದಿನ ಒಂದೂವರೆ ಗಂಟೆ.

ಕಿಲೋಮೀಟರ್ ಲೆಕ್ಕ ಬೇಡ, ನಿಮಿಷ ಲೆಕ್ಕ ಹಾಕಿ. ತುಳಿಯುವಾಗ ಮಾತಾಡಲು ಬರಬೇಕು, ಹಾಡಲು ಉಸಿರು ಸಾಲಬಾರದು. ಅದೇ ಸರಿಯಾದ ವೇಗ. ಎಂಟನೇ ವಾರದ ಭಾನುವಾರ ನೋವಿಲ್ಲದೆ ಸೀಟಿನ ಮೇಲೆ ಕೂರಲು ಆದರೆ ನೀವು ಪ್ರವಾಸಕ್ಕೆ ಸಿದ್ಧ.

*ಸೈಕಲ್ ಹೊಂದಿಸುವುದು*

ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಅದನ್ನು ಪೂರ್ತಿ ಕೆಳಗೆ ತಂದಾಗ ಕಾಲು ನೇರವಾಗಬೇಕು. ಆಮೇಲೆ ಮುಂಗಾಲಿನಲ್ಲಿ ತುಳಿದರೆ ಮಂಡಿ ತುಸು ಬಾಗಿರುತ್ತದೆ, ಅದೇ ಸರಿ. ಮಂಡಿಯ ಮುಂಭಾಗ ನೋಯುತ್ತಿದ್ದರೆ ಸಾಮಾನ್ಯವಾಗಿ ಸೀಟು ತಗ್ಗಾಗಿದೆ ಎಂದರ್ಥ, ಹಿಂಭಾಗ ನೋಯುತ್ತಿದ್ದರೆ ಎತ್ತರವಾಗಿದೆ. ಹಗುರ ಗೇರಿನಲ್ಲಿ ಬೇಗ ಬೇಗ ತುಳಿಯಿರಿ. ಭಾರದ ಗೇರು ಮಂಡಿಗೆ ಶತ್ರು. ಕೈ ಅಥವಾ ತೊಡೆಸಂದು ಜೋಮು ಹಿಡಿದರೆ ನಿರ್ಲಕ್ಷಿಸಬೇಡಿ, ಕಾಲು ಗಂಟೆಗೊಮ್ಮೆ ಸೀಟಿನಿಂದ ಏಳಿ. ಹೆಲ್ಮೆಟ್ ಕಡ್ಡಾಯ.

*ಇವರು ಡಾಕ್ಟರನ್ನು ಕೇಳಿಯೇ ಶುರುಮಾಡಿ*

⚠️ ಎದೆನೋವು, ಹೃದಯದ ಸ್ಟೆಂಟ್, ತಲೆಸುತ್ತು, ಮೂಳೆ ಸವೆತ, ಸಕ್ಕರೆಯಿಂದ ಕಣ್ಣಿನ ತೊಂದರೆ ಇರುವವರು.

⚠️ ಇನ್ಸುಲಿನ್ ಅಥವಾ ಸಕ್ಕರೆ ತೀರಾ ಇಳಿಸಬಲ್ಲ ಮಾತ್ರೆ ತೆಗೆದುಕೊಳ್ಳುವವರು. ತುಳಿಯುವ ದಿನ ಔಷಧಿಯ ಪ್ರಮಾಣ ಎಷ್ಟು ಎಂದು ಮೊದಲೇ ಕೇಳಿ, ನೀವೇ ಬದಲಿಸಬೇಡಿ. ಜೇಬಿನಲ್ಲಿ ಗ್ಲೂಕೋಸ್ ಇರಲಿ. ಕೈ ನಡುಗಿ, ಬೆವರಿ, ಕಣ್ಣು ಮಂಜಾದರೆ ತಕ್ಷಣ ನಿಲ್ಲಿಸಿ 15 ಗ್ರಾಂ ಗ್ಲೂಕೋಸ್ ತಿನ್ನಿ, 15 ನಿಮಿಷದ ನಂತರ ಪರೀಕ್ಷಿಸಿ. ರಾತ್ರಿಯೂ ಸಕ್ಕರೆ ಇಳಿಯಬಹುದು, ಮಲಗುವ ಮುನ್ನ ನೋಡಿಕೊಳ್ಳಿ.

⚠️ ಪಾದದ ಸ್ಪರ್ಶ ಕಡಿಮೆಯಾದವರು ದಿನವೂ ಸಂಜೆ ಅಂಗಾಲು ನೋಡಿಕೊಳ್ಳಿ. ಸಣ್ಣ ಬೊಬ್ಬೆಯೂ ದೊಡ್ಡ ಹುಣ್ಣಾದೀತು.

⚠️ ತುಳಿಯುವಾಗ ಎದೆ ಹಿಡಿದಂತಾದರೆ ಅಥವಾ ನೋವು ಎಡಗೈಗೆ, ದವಡೆಗೆ ಹರಡಿದರೆ "ಗ್ಯಾಸ್ ಇರಬೇಕು" ಎಂದು ಮುಂದುವರಿಸಬೇಡಿ. ನಿಲ್ಲಿಸಿ, ಕೂಡಲೇ ಆಸ್ಪತ್ರೆಗೆ ಹೋಗಿ.

*ಕೊನೆಯದಾಗಿ*

ಒಂದು ವಾರದ ಪ್ರವಾಸದಿಂದ ಸಕ್ಕರೆ ಕಾಯಿಲೆ ಹೋಗುವುದಿಲ್ಲ. ಹಾಗೆಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಮುಂದೆ ಒಂದು ಪ್ರವಾಸ ಇದೆ ಎಂದರೆ ಎಂಟು ವಾರ ತಪ್ಪದೆ ತುಳಿಯುತ್ತೀರಿ. ಎಂಟು ವಾರ ತುಳಿದ ಕಾಲು ಒಂಬತ್ತನೇ ವಾರ ಸುಮ್ಮನೆ ಕೂರಲು ಒಪ್ಪುವುದಿಲ್ಲ. ನಿಜವಾದ ಔಷಧ ಇರುವುದು ಅಲ್ಲಿ.

ಈ ವಾರ ಮಾಡಬೇಕಾದ ಕೆಲಸ ಒಂದೇ. ನಿಮ್ಮ ಮನೆಯಿಂದ ಅರ್ಧ ಗಂಟೆಯೊಳಗೆ ತಲುಪಬಹುದಾದ, ಏರಿಲ್ಲದ, ಬೆಳಿಗ್ಗೆ ಗಾಡಿಗಳಿಲ್ಲದ ಎರಡು ಕಿಲೋಮೀಟರ್ ದಾರಿ ಎಲ್ಲಿದೆ ಎಂದು ಹುಡುಕಿ. ಮೊದಲ ದಿನ ನಡೆದೇ ನೋಡಿ ಬನ್ನಿ. ಸಿಕ್ಕರೆ ನಿಮ್ಮ ಊರಿನ ಕನ್ನಡ ಬಳಗದವರಿಗೂ ತಿಳಿಸಿ. ನಾಲ್ಕು ಜನ ಜೊತೆಯಾದರೆ ಯಾರೂ ಬಿಡುವುದಿಲ್ಲ.

ಉಪಯುಕ್ತ ಅನ್ನಿಸಿದರೆ ಮನೆಯ ಹಿರಿಯರಿಗೆ ಓದಿ ಹೇಳಿ, ಸ್ನೇಹಿತರಿಗೂ ಕಳುಹಿಸಿ.

ಎಲ್ಲರಿಗೂ ಆರೋಗ್ಯ ಭಾಗ್ಯ ದೊರೆಯಲಿ. 🙏🚲